ಹತ್ತನೆಯ ಮರಿ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಎಂಟು ಮಂದಿ ಹೆಂಗಸರು ಪ್ರಾರ್ಥನೆ ಮಾಡಿಕೊಂಡು, ಆಡು ಸಾಕಿಕೊಂಡು, ತಮ್ಮ ಬಟ್ಟೆ ತಾವೇ ಒಗೆದುಕೊಂಡು ಇದ್ದರು. ಹಿರಿಯರಾದ ಸಲೋಮಮ್ಮನವರೇ ಗುರು. ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಆಡುಗಳನ್ನು ನೋಡಿಕೊಳ್ಳುವವಳು ತಬಿತಾ. ಆಶ್ರಮ ಸೇರಿ ಮೂರು ವರ್ಷವಾಗಿತ್ತು. ಅವಳ ಕೆಲಸದಲ್ಲಿ ಒಂದು ತಪ್ಪು ಹುಡುಕುವುದು ಕಷ್ಟ. ಆದರೆ ನಾಳೆ ಪಡಬೇಕಾದ ಚಿಂತೆಯನ್ನೂ ಇವತ್ತೇ ಪಟ್ಟು ಮುಗಿಸುವ ಸ್ವಭಾವ.

ಆ ಆಶ್ರಮದಲ್ಲಿ ಬೆಳೆದದ್ದರಲ್ಲಿ, ಹುಟ್ಟಿದ್ದರಲ್ಲಿ ಹತ್ತರಲ್ಲಿ ಒಂದು ಪಾಲು ದೇವರದು. ಹತ್ತು ಸೇರು ರಾಗಿ ಬಂದರೆ ಒಂದು ಸೇರು ಮೊದಲೇ ಹೊರಗೆ ಹೋಗುತ್ತಿತ್ತು. ಹತ್ತು ಕುಂಬಳಕಾಯಿ ಬಿಟ್ಟರೆ ಒಂದು. ಅದರಲ್ಲಿ ಯಾರಿಗೂ ತೊಡಕಿರಲಿಲ್ಲ. ಒಂದು ಸೇರು ರಾಗಿಯ ಹಾಗೆಯೇ ಇನ್ನೊಂದು ಸೇರು ಇರುತ್ತದೆ.

ಆಡಿನ ಮರಿಗಳು ಹಾಗಲ್ಲ.

ಅದಕ್ಕಾಗಿ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಈಸ್ಟರ್ ಹಬ್ಬ ಕಳೆದ ಮರುವಾರ, ಆ ವರ್ಷದ ಮರಿಗಳನ್ನೆಲ್ಲ ದೊಡ್ಡಿಯ ಕಿರಿದಾದ ಗಂಡಿಯಿಂದ ಒಂದೊಂದಾಗಿ ಹೊರಗೆ ಬಿಡುತ್ತಿದ್ದರು. ಗಂಡಿಯ ಪಕ್ಕದಲ್ಲಿ ಸಲೋಮಮ್ಮನವರು ಮಣೆಯ ಮೇಲೆ ಕೂತಿರುತ್ತಿದ್ದರು. ಕಣ್ಣು ಮುಚ್ಚಿರುತ್ತಿದ್ದರು. ಕೈಯಲ್ಲಿ ತುದಿಗೆ ಕೆಮ್ಮಣ್ಣು ಮೆತ್ತಿದ ಕೋಲು. ಮರಿಗಳು ಮೊಣಕಾಲಿಗೆ ಸೋಕಿಕೊಂಡು ಹೋಗುವಾಗ ಎಣಿಸುತ್ತಿದ್ದರು. ಹತ್ತನೆಯದರ ಬೆನ್ನ ಮೇಲೆ ಕೋಲು ಇಳಿಯುತ್ತಿತ್ತು.

ಕೆಂಪು ಬಿದ್ದ ಮರಿ ದೇವರದು. ಕೊಟ್ಟಿಗೆಯಲ್ಲಿ ಒಂದೂ ಗೊರಸಿಲ್ಲದ ಮನೆಗೆ ಅದು ಹೋಗುತ್ತಿತ್ತು.

ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವಂತಿಲ್ಲ. ಬದಲಾಯಿಸುವಂತಿಲ್ಲ. ಬದಲಾಯಿಸಿದರೆ ಮೊದಲಿನದು, ಬದಲಿಗೆ ಬಂದದ್ದು ಎರಡೂ ದೇವರದೇ. ಈ ನಿಯಮ ಸಲೋಮಮ್ಮನವರು ಮಾಡಿದ್ದಲ್ಲ. ಎಷ್ಟೋ ಸಾವಿರ ವರ್ಷಗಳ ಹಿಂದೆ, ಕುರಿ ಕಾಯುತ್ತಿದ್ದ ಜನಕ್ಕೆ ದೇವರು ಕೊಟ್ಟದ್ದು.

ಆ ವರ್ಷ ಹದಿನಾಲ್ಕು ಮರಿಗಳು ಹುಟ್ಟಿದವು. ಹದಿಮೂರು ಹೋತ. ಒಂದೇ ಒಂದು ಹೆಣ್ಣು.

ಬೆಳ್ಳಗಿನ ಮರಿ, ಒಂದು ಕಿವಿ ಮಾತ್ರ ಕಂದು.

ಎಣಿಕೆಯ ಹಿಂದಿನ ದಿನ ತಬಿತಾ ಗುರುವಿನ ಮುಂದೆ ಬಂದು ನಿಂತಳು.

"ಅಮ್ಮ, ಈ ಸಲ ಹೆಣ್ಣುಮರಿ ಒಂದೇ."

"ನೋಡಿದೆ."

"ಅದೇ ಹತ್ತನೆಯದಾಗಿ ಬಂದರೆ?"

"ಬಂದರೆ ಬಂತು."

"ಹಾಲು ಕೊಡುವ ಆಡುಗಳಿಗೆಲ್ಲ ವಯಸ್ಸಾಯಿತು. ಇನ್ನು ಎರಡು ವರ್ಷ ಕೊಟ್ಟರೆ ಹೆಚ್ಚು. ಹನ್ನಮ್ಮನವರಿಗೆ ಹಾಲು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ. ಕೊಂಡು ತರೋಣವೆಂದರೆ ಹೋದ ವರ್ಷದ ಕಾಯಿಲೆಯಲ್ಲಿ ಸುತ್ತಲ ದೊಡ್ಡಿಗಳೆಲ್ಲ ಬರಿದಾಗಿವೆ. ಯಾರೂ ಹೆಣ್ಣುಮರಿ ಮಾರುತ್ತಿಲ್ಲ."

ಹನ್ನಮ್ಮನವರು ಆಶ್ರಮದ ಹಳೆಯ ಜೀವ. ಆರು ವರ್ಷದಿಂದ ಹಾಸಿಗೆ ಹಿಡಿದಿದ್ದರು.

"ನೀನು ಹೇಳುವುದೆಲ್ಲ ನಿಜ," ಎಂದರು ಸಲೋಮಮ್ಮ.

ತಬಿತಾಳಿಗೆ ಧೈರ್ಯ ಬಂತು. "ಹಾಗಾದರೆ ಅದೊಂದನ್ನು ಬೇರೆ ಕಟ್ಟಿಬಿಡಲೇ? ಹದಿಮೂರನ್ನು ಬಿಟ್ಟರೂ ಹತ್ತನೆಯದು ಸಿಕ್ಕೇ ಸಿಗುತ್ತದೆ. ದೇವರಿಗೆ ಏನೂ ನಷ್ಟವಿಲ್ಲ."

ಸಲೋಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ದೇವರ ಲಾಭ ನಷ್ಟದ ಲೆಕ್ಕ ಹಾಕುವವರನ್ನು ಇವತ್ತೇ ಕಂಡೆ. ಹದಿನಾಲ್ಕೂ ಬರಲಿ."

ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಉಳಿದವರೆಲ್ಲ ತಾಯಾಡುಗಳನ್ನು ಹಿಡಿದುಕೊಂಡು ದೊಡ್ಡಿಯ ಹೊರಗೆ ನಿಂತರು. ಒಳಗೆ ಮರಿಗಳ ಜೊತೆ ತಬಿತಾ ಒಬ್ಬಳೇ. ನಡುವೆ ಆಳೆತ್ತರದ ತಡಿಕೆ.

ಅವಳು ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಮಾಡಿದ್ದಳು. ಬೇರೆ ಕಟ್ಟಬಾರದು, ಸರಿ. ಆದರೆ ಹದಿನಾಲ್ಕನೆಯದಾಗಿ ಬಿಡಬಾರದೆಂದು ಯಾರು ಹೇಳಿದ್ದಾರೆ? ಹೆಣ್ಣುಮರಿಯನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದು, ಬೇರೆಯವನ್ನು ಒಂದೊಂದಾಗಿ ಗಂಡಿಯತ್ತ ತಳ್ಳತೊಡಗಿದಳು.

"ಒಂದು," ಎಂದರು ಹೊರಗಿನಿಂದ ಸಲೋಮಮ್ಮ. "ಎರಡು. ಮೂರು."

ಎಲ್ಲ ಸಲೀಸಾಗಿ ನಡೆಯಿತು. "ಎಂಟು. ಒಂಬತ್ತು."

ಆಗ ಹೊರಗೆ ಹೆಣ್ಣುಮರಿಯ ತಾಯಿ ಒಂದು ಸಲ ಕೂಗಿತು.

ಮರಿ ಮೈ ಕೊಡವಿತು. ತಬಿತಾಳ ಸೀರೆಯ ನೆರಿಗೆಯಲ್ಲಿ ನುಸುಳಿ, ಎದುರಿಗಿದ್ದ ಮರಿಯ ಮೇಲಿಂದ ಹಾರಿ, ಗಂಡಿಯೊಳಗೆ ತಲೆ ಇಟ್ಟೇಬಿಟ್ಟಿತು.

ತಬಿತಾ ಯೋಚಿಸಲಿಲ್ಲ. ಬಗ್ಗಿ ಅದರ ಹಿಂಗಾಲು ಹಿಡಿದು ಎಳೆದಳು. ಇನ್ನೊಂದು ಕೈಗೆ ಸಿಕ್ಕಿದ್ದನ್ನು ಗಂಡಿಗೆ ನೂಕಿದಳು.

"ಹತ್ತು," ಎಂದರು ಸಲೋಮಮ್ಮ. ಕೋಲು ಇಳಿಯಿತು.

ಕೈಗೆ ಸಿಕ್ಕಿದ್ದು ಎಡ ಹಿಂಗಾಲು ತಿರುಚಿಕೊಂಡು ಹುಟ್ಟಿದ್ದ ಕುಂಟು ಹೋತ.

ಸಲೋಮಮ್ಮ ಕಣ್ಣು ಬಿಟ್ಟರು. ಬೆನ್ನ ಮೇಲೆ ಕೆಂಪು ಹೊತ್ತು ಕುಂಟುತ್ತಿದ್ದ ಮರಿಯನ್ನು ನೋಡಿದರು. "ಆಗಲಿ," ಎಂದರು. "ಪುಟ್ಟೀರಮ್ಮನಿಗೆ ಹೇಳಿ ಕಳಿಸಿ."

ಪುಟ್ಟೀರಮ್ಮ ಹೊಳೆಯಾಚೆಯ ಹಟ್ಟಿಯ ಮುದುಕಿ. ಅವಳಿಗಿದ್ದ ಮೂರು ಆಡುಗಳೂ ಕಾಯಿಲೆಯಲ್ಲಿ ಸತ್ತಿದ್ದವು. ಸುದ್ದಿ ಮುಟ್ಟಿದ ಗಳಿಗೆಯಲ್ಲೇ ಕೋಲೂರಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೊಣಕಾಲುದ್ದದ ನೀರು ದಾಟಿ ಬಂದಳು.

ಮರಿಯನ್ನು ನೋಡಿ ಗಟ್ಟಿಯಾಗಿ ನಕ್ಕಳು.

"ಅಯ್ಯೋ ನಿನ್ನ! ನಿಮ್ ದೇವ್ರಿಗೂ ಕುಂಟ್ ಮರಿಯೇ ಸಿಕ್ತಾ?"

ಯಾರೂ ನಗಲಿಲ್ಲ. ಮುದುಕಿಗೆ ಅದರ ಪರಿವೆಯಿರಲಿಲ್ಲ. ಕೂತು, ಮರಿಯ ಮೂತಿ ಹಿಡಿದೆತ್ತಿದಳು.

"ಬಾರಪ್ಪ. ನಂಗೂ ಎಡಗಾಲು, ನಿಂಗೂ ಎಡಗಾಲು. ಇಬ್ರೂ ಸೇರ್ಕೊಂಡು ಒಂದಾಳಿನ ನಡಿಗೆ ನಡೆಯವ."

ಸಾಕಿದವರೇ ಮರಿಯನ್ನು ಎತ್ತಿ ಕೊಡಬೇಕು, ಅದೂ ಪದ್ಧತಿ. ತಬಿತಾ ಎತ್ತಿ ಕೊಟ್ಟಳು. ಪುಟ್ಟೀರಮ್ಮ ಆ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

"ನಿನ್ ಹೊಟ್ಟೆ ತಣ್ಣಗಿರ್ಲಿ ಕನವ್ವ."

ಆ ದಿನ ಮಧ್ಯಾಹ್ನ ತಬಿತಾಳಿಗೆ ಊಟ ಸೇರಲಿಲ್ಲ. ರಾತ್ರಿಯೂ ಇಲ್ಲ. ಹೆಣ್ಣುಮರಿ ಅವಳ ಹಿಂದೆ ಮುಂದೆ ಸುತ್ತುತ್ತಿತ್ತು; ಉಳಿಯಿತೆಂದು ಸಂತೋಷಪಡಬೇಕಾದದ್ದನ್ನು ಕಂಡರೆ ಮುಖ ತಿರುಗಿಸುವಂತಾಯಿತು. ಇದನ್ನು ನನಗಾಗಿ ಮಾಡಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹನ್ನಮ್ಮನವರಿಗಾಗಿ ಮಾಡಿದ್ದು.

ಮೂರನೆಯ ದಿನ ಬೆಳಿಗ್ಗೆ ಆಕೆಗೆ ಹಾಲು ಕುಡಿಸುತ್ತಿದ್ದಳು. ಚಮಚ ಬಾಯಿಗೆ ಹೋಗುವ ಮೊದಲೇ ಹನ್ನಮ್ಮ ಕೇಳಿದರು.

"ಈ ಸಲ ಯಾವ ಮರಿ ಬಂತು?"

"ಕುಂಟು ಹೋತ."

"ಪುಟ್ಟೀರಿಗೆ ಕೊಟ್ಟರೇನು?"

"ಹೌದು."

ಹನ್ನಮ್ಮ ದಿಂಬಿನ ಮೇಲೆ ತಲೆ ಆನಿಸಿದರು.

"ಆ ಹೆಣ್ಣುಮರಿ ಅವಳಿಗೆ ಬರಲಿ ಅಂತ ಮಲಗಿದಲ್ಲೇ ಬೇಡಿಕೊಂಡಿದ್ದೆ. ಇದ್ದ ಮೂರೂ ಹೋದವಂತಲ್ಲ, ಪಾಪ. ಇರಲಿ ಬಿಡು, ದೇವರ ಚಿತ್ತ."

ಚಮಚದ ಹಾಲು ಹೊದಿಕೆಯ ಮೇಲೆ ಚೆಲ್ಲಿತು.

"ಯಾಕೆ ಮಗೂ, ಏನಾಯಿತು?"

ತಬಿತಾ ಹೊದಿಕೆ ಒರೆಸಿ, ಉಳಿದ ಹಾಲು ಕುಡಿಸಿ, ಬಟ್ಟಲು ತೊಳೆದಿಟ್ಟು ನೇರ ಹಿತ್ತಲಿಗೆ ಹೋದಳು.

ಸಲೋಮಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಒಂದು ಕಡೆ ಹಣ್ಣು, ಒಂದು ಕಡೆ ಬೀಜ, ಒಂದು ಕಡೆ ನಾರು.

"ಅಮ್ಮ, ನಿಮಗೆಲ್ಲ ಗೊತ್ತೇ ಇದೆ," ಎಂದಳು.

"ಏನು?"

"ಮರಿಯ ವಿಷಯ. ಏನೂ ಹೇಳದೆ ಮೂರು ದಿನದಿಂದ ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ."

"ಮೂರು ದಿನದಿಂದ ನಾನು ಹುಣಸೆಹಣ್ಣು ಬಿಡಿಸುತ್ತಿದ್ದೇನೆ. ಕೂತುಕೊಂಡು ಹೇಳು."

ತಬಿತಾ ಕೂರಲಿಲ್ಲ. ನಿಂತೇ ಹೇಳಿದಳು. ಕಾಲುಗಳ ನಡುವೆ ಒತ್ತಿ ಹಿಡಿದದ್ದನ್ನು, ಮರಿ ಹಾರಿದ್ದನ್ನು, ಕಾಲು ಹಿಡಿದು ಎಳೆದದ್ದನ್ನು, ಕುಂಟುಮರಿಯನ್ನು ನೂಕಿದ್ದನ್ನು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಚಿಕ್ಕದು ಮಾಡಲಿಲ್ಲ.

ಗುರುವಿನ ಕೈ ನಿಂತಿತ್ತು.

"ನಿಜವಾಗಿಯೂ ನಿಮಗೆ ಗೊತ್ತಿರಲಿಲ್ಲವೇ?" ಎಂದಳು ತಬಿತಾ.

"ಕಣ್ಣು ಮುಚ್ಚಿ ಕೂತವಳಿಗೆ ಏನು ಗೊತ್ತಾಗುತ್ತದೆ?"

"ಯಾಕೆ ಮುಚ್ಚುತ್ತೀರಿ ಅಮ್ಮ? ಬಿಟ್ಟುಕೊಂಡು ನಿಂತು ನೋಡುತ್ತಿದ್ದರೆ ನನಗೆ ಹೀಗೆ ಮಾಡುವ ಧೈರ್ಯ ಬರುತ್ತಿರಲಿಲ್ಲ."

"ನೋಡುತ್ತಿದ್ದರೆ, ನೀನು ಎಳೆಯುವ ಮೊದಲೇ ನಾನು ಎಳೆದಿರುತ್ತಿದ್ದೆ."

ತಬಿತಾಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಹುಣಸೆಬೀಜದ ರಾಶಿಯ ಪಕ್ಕದಲ್ಲಿ ಕುಸಿದು ಕೂತಳು.

ಸ್ವಲ್ಪ ಸಮಾಧಾನವಾದ ಮೇಲೆ ಮೆಲ್ಲನೆ ಹೇಳಿದಳು. "ನನಗಾಗಿ ಅಲ್ಲ ಅಮ್ಮ. ಹನ್ನಮ್ಮನವರಿಗಾಗಿ."

"ಹನ್ನಮ್ಮ ಮಲಗಿ ಎಷ್ಟು ವರ್ಷವಾಯಿತು?"

"ಆರು."

"ನೀನು ಬಂದು?"

"ಮೂರು."

ಸಲೋಮಮ್ಮ ಇನ್ನೊಂದು ಹಣ್ಣು ತೆಗೆದುಕೊಂಡು ಬೀಜ ಬಿಡಿಸತೊಡಗಿದರು.

ಮೊದಲಿನ ಮೂರು ವರ್ಷ ಆ ಮುದಿಜೀವಕ್ಕೆ ಯಾರು ಹಾಲು ಕೊಟ್ಟರೆಂದು ತಬಿತಾ ಒಂದು ದಿನವೂ ಯೋಚಿಸಿರಲಿಲ್ಲ.

"ಈಗಲೇ ಹೋಗಿ ಬದಲಾಯಿಸಿಕೊಂಡು ಬರುತ್ತೇನೆ," ಎಂದು ಎದ್ದಳು. "ಹೆಣ್ಣುಮರಿ ಕೊಟ್ಟು ಕುಂಟುಮರಿ ತರುತ್ತೇನೆ."

"ಬದಲಾಯಿಸಿದರೆ ನಿಯಮ ಏನು?"

ತಬಿತಾಳ ಮುಖ ಬಿಳಿಚಿಕೊಂಡಿತು.

"ಎರಡೂ ದೇವರದು."

"ಹೂಂ."

"ಎರಡೂ ಹೋದರೆ ನಮಗೆ ಉಳಿಯುವುದು ಹನ್ನೆರಡು ಹೋತ, ಅಮ್ಮ!"

"ಎಣಿಕೆಯಲ್ಲಿ ನೀನು ಯಾವತ್ತೂ ತಪ್ಪಿಲ್ಲ."

ತಬಿತಾ ಮೂರು ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೊನೆಗೆ ಕೇಳಿದಳು.

"ನನ್ನನ್ನು ಇಲ್ಲಿಂದ ಕಳಿಸಿಬಿಡುತ್ತೀರಾ?"

"ಕಳಿಸದೆ ಇನ್ನೇನು? ಹೊಳೆಯಾಚೆಗೆ. ಬಿಸಿಲೇರುವ ಮೊದಲು ಹೊರಡು, ಊಟದ ಹೊತ್ತಿಗೆ ಬಾ."

ತಬಿತಾ ಹೆಣ್ಣುಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ನೀರಿಗಿಳಿದಳು. ಅದಕ್ಕೆ ನೀರೆಂದರೆ ಭಯ. ನಡುಹೊಳೆಯಲ್ಲಿ ಅವಳ ಬೆನ್ನ ಮೇಲೆಲ್ಲ ಉಚ್ಚೆ ಹೊಯ್ದಿತು. ಅವಳು ಬೈಯಲಿಲ್ಲ.

ಪುಟ್ಟೀರಮ್ಮ ಗುಡಿಸಲ ಮುಂದೆ ಕುಂಟುಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಮರಿಯ ತಿರುಚಿದ ಕಾಲಿಗೆ ಬಿದಿರಿನ ದಬ್ಬೆ ಇಟ್ಟು ಹಳೆಯ ಸೀರೆಯ ಅಂಚಿನಿಂದ ಕಟ್ಟಿದ್ದಳು.

ತಬಿತಾ ಎಲ್ಲವನ್ನೂ ಎರಡನೆಯ ಸಲ ಹೇಳಿದಳು. ಮೊದಲ ಸಲಕ್ಕಿಂತ ಕಷ್ಟವಾಯಿತು.

ಮುದುಕಿ ಕೇಳಿಸಿಕೊಂಡು ತಲೆಯಾಡಿಸಿದಳು.

"ಅದ್ಕೇಯಾ ಅವತ್ತು ನಿನ್ ಮೊಕ ಸುಟ್ ಬದನೆಕಾಯಿ ಥರ ಆಗಿತ್ತು! ನಾನು ಹೊಟ್ಟೆನೋವೇನೋ ಅಂದ್ಕೊಂಡೆ."

"ತಪ್ಪಾಯಿತು ಅಜ್ಜಿ."

"ಆಯ್ತು ಬುಡು. ಆದ್ರೆ ಈ ಕುಂಟನ್ನ ವಾಪಸ್ ಕೇಳ್ಬೇಡ. ಕೊಡಾಕಿಲ್ಲ."

"ಕೇಳುವುದಿಲ್ಲ. ಇದೂ ನಿಮ್ಮದೇ. ಎರಡೂ ನಿಮ್ಮವು."

ಪುಟ್ಟೀರಮ್ಮನ ನಗು ನಿಂತಿತು. ಹೆಣ್ಣುಮರಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತುಟಿ ಬಿಡಿಸಿ ಹಲ್ಲು ನೋಡಿದಳು, ಬೆನ್ನು ಸವರಿದಳು, ಹೊಟ್ಟೆಯಡಿ ಕೈಯಾಡಿಸಿದಳು. ಆಡು ಬಲ್ಲವಳ ಕೈ ಅದು.

"ಒಳ್ಳೆ ಹಾಲಿನ ತಳಿ," ಎಂದಳು.

ಬಹಳ ಹೊತ್ತು ಅದರ ಕಂದು ಕಿವಿಯನ್ನು ಉಜ್ಜುತ್ತಾ ಕೂತಿದ್ದಳು. ಆಮೇಲೆ ಬೇಲಿಯತ್ತ ತಿರುಗಿ ಕೂಗಿದಳು.

"ಏ ಚಿಕ್ಕತಾಯೀ! ಬಾರೇ ಇಲ್ಲಿ!"

ಪಕ್ಕದ ಗುಡಿಸಲಿನಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದು ಇನ್ನೊಂದು.

"ಹಿಡ್ಕೋ," ಎಂದು ಪುಟ್ಟೀರಮ್ಮ ಮರಿಯ ಹಗ್ಗ ಅವಳ ಕೈಗಿಟ್ಟಳು.

"ಯಾರ್ದಜ್ಜಿ ಇದು?"

"ನಂದು. ಇನ್ಮ್ಯಾಕೆ ನಿಂದು. ಬಾಯ್ ಬಿಟ್ಕೊಂಡ್ ನಿಂತ್ಕೋಬೇಡ, ನೀರು ಕುಡಿಸು ಓಗು. ಹೊಳೆ ದಾಟಿ ಹೆದ್ರ್ಕೊಂಡದೆ."

ಚಿಕ್ಕತಾಯಿ ಮುದುಕಿಯನ್ನು ನೋಡಿದಳು, ತಬಿತಾಳನ್ನು ನೋಡಿದಳು, ಮರಿಯನ್ನು ನೋಡಿದಳು. ಹಗ್ಗವನ್ನು ಎದೆಗೆ ಒತ್ತಿಕೊಂಡು ಹೋದಳು.

ತಬಿತಾಳಿಗೆ ತಡೆಯಲಾಗಲಿಲ್ಲ.

"ಅಜ್ಜಿ! ಅದನ್ನು ನಿಮಗೆ ಅಂತ ತಂದದ್ದು!"

"ನಂಗೆ ಕೊಟ್ಟೆ ತಾನೇ? ಕೊಟ್ಮ್ಯಾಲೆ ನಂದು ತಾನೇ?"

"ನಿಮ್ಮ ಬಳಿ ಇದ್ದದ್ದೇ ಎರಡು."

"ಹೌದಾ?" ಎಂದಳು ಪುಟ್ಟೀರಮ್ಮ. "ನಾನು ಎಣಿಸ್ಲಿಲ್ಲ ಕನವ್ವ."

"ಮುಂದೆ ನಿಮಗೆ ಹಾಲು ಬೇಡವೇ?"

"ಅವ್ಳು ಒಂದ್ ಲೋಟ ಕೊಡ್ತಾಳೆ. ಕೊಡ್ದೇ ಹೋದ್ರೆ ಬಯ್ತೀನಿ. ಬಯ್ಯಾಕೆ ನಂಗೆ ಹೇಳ್ಕೊಡ್ಬೇಕಾ?" ಎಂದು ಕುಂಟುಮರಿಯ ಬಾಯಿಗೆ ಇನ್ನೊಂದು ಹಿಡಿ ಸೊಪ್ಪು ಒಡ್ಡಿದಳು. "ಓಗು, ಬೆನ್ನು ತೊಳ್ಕೋ. ನಾರ್ತಿದ್ದೀಯ."

ತಬಿತಾ ಹಿಂದಿರುಗುವಾಗ ನಡುಹೊಳೆಯಲ್ಲಿ ನಿಂತಳು. ನೀರಿನಲ್ಲಿ ಕೂತು ಬೆನ್ನು ತೊಳೆದುಕೊಂಡಳು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಯಾವಾಗ ಜಾರಿ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಹುಡುಕಿದರೂ ಸಿಗಲಿಲ್ಲ. ನೀರು ತಣ್ಣಗಿತ್ತು. ಒಬ್ಬಳೇ ನಕ್ಕಳು.

ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಆಶ್ರಮದ ಅಡುಗೆಮನೆಯ ಬಾಗಿಲಿಗೆ ಬಂದಳು. ಸಲೋಮಮ್ಮ ತಟ್ಟೆಗಳನ್ನು ಜೋಡಿಸುತ್ತಿದ್ದರು.

"ಕೊಟ್ಟು ಬಂದೆಯಾ?"

"ಕೊಟ್ಟೆ. ಅವರು ಅದನ್ನು ಅಲ್ಲೇ ಪಕ್ಕದ ಮನೆಯವಳಿಗೆ ಕೊಟ್ಟರು." ತಬಿತಾ ಉಸಿರು ಎಳೆದುಕೊಂಡಳು. "ನಾನು ಹದಿನಾಲ್ಕರಲ್ಲಿ ಒಂದು ಕೊಡಲು ಹೆದರಿ ಸತ್ತೆ. ಅವರು ಎರಡರಲ್ಲಿ ಒಂದನ್ನು ಕೊಟ್ಟು, ಬೆನ್ನು ತೊಳೆದುಕೋ ಹೋಗು ಅಂದರು."

"ಈಗ ಹೇಗಿದ್ದೀಯ?"

"ಹಸಿವಾಗುತ್ತಿದೆ ಅಮ್ಮ."

"ಸರಿ."

ತಬಿತಾ ಒಂದು ಹೆಜ್ಜೆ ಒಳಗಿಟ್ಟಳು. ಅಲ್ಲೇ ನಿಂತಳು. ಸ್ವಭಾವ ಒಂದೇ ದಿನಕ್ಕೆ ಬಿಟ್ಟುಹೋಗುವುದಿಲ್ಲ.

"ಅಮ್ಮ, ಎರಡು ವರ್ಷ ಕಳೆದ ಮೇಲೆ ಹಾಲಿಗೆ ಏನು ಮಾಡುವುದು?"

ಸಲೋಮಮ್ಮ ತಟ್ಟೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿ ನಕ್ಕರು. ಅವರು ನಗುವುದನ್ನು ತಬಿತಾ ಆ ಮೂರು ವರ್ಷದಲ್ಲಿ ಕಂಡಿರಲಿಲ್ಲ.

"ನನಗೂ ಗೊತ್ತಿಲ್ಲ. ಇವತ್ತಿನ ಮುದ್ದೆ ಬಿಸಿಯಾಗಿದೆ, ಬಾ."